ಇಂದ್ರಕೀಲದ ಅಖಾಡ

ಕುಸ್ತಿಯಲ್ಲಿ ಜೋಡಿ ಕಟ್ಟುವುದೇ ಒಂದು ದೊಡ್ಡ ವಿದ್ಯೆ. ಅಖಾಡಕ್ಕೆ ಇಳಿಯುವ ಇಬ್ಬರ ತೂಕ, ವಯಸ್ಸು, ಗರಡಿಯಲ್ಲಿ ಕಳೆದ ಕಾಲ, ಹಿಂದೆ ಯಾರನ್ನು ಚಿತ್ ಮಾಡಿದ್ದಾನೆ ಎಂಬ ಲೆಕ್ಕ, ಎಲ್ಲವನ್ನೂ ತೂಗಿ ಸರಿಜೋಡಿ ಹಾಕಬೇಕು. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಡಿ ತಪ್ಪಿದರೆ ನೆರೆದವರೇ ಎದ್ದು ಕೂಗುತ್ತಾರೆ. ಹಾಗಿರುವಾಗ ಒಬ್ಬ ಮನುಷ್ಯನನ್ನೂ ಮೂರು ಲೋಕದ ಒಡೆಯನನ್ನೂ ಒಂದೇ ಮಣ್ಣಿಗೆ ಇಳಿಸಿದರೆ ಅದನ್ನು ಜೋಡಿ ಎನ್ನುವುದು ಹೇಗೆ? ಕುಮಾರವ್ಯಾಸ ಭಾರತದ ಅರಣ್ಯಪರ್ವದಿಂದ ಕಿರಾತಾರ್ಜುನರ ಕಾಳಗವನ್ನು ಗಮಕಿಗಳು ಎತ್ತಿಕೊಂಡಾಗಲೆಲ್ಲ ನನ್ನ ಮನಸ್ಸು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಈ ವಾರ ಆ ಒಂದು ಪ್ರಸಂಗದ ಬಗ್ಗೆಯೇ ಬರೆಯುತ್ತೇನೆ.

ಕಥೆ ಗೊತ್ತಿರುವುದೇ. ವನವಾಸದಲ್ಲಿರುವ ಪಾಂಡವರಿಗೆ ಮುಂದಿನ ಯುದ್ಧದ ಚಿಂತೆ. ಎದುರು ಪಕ್ಷದಲ್ಲಿ ಭೀಷ್ಮ, ದ್ರೋಣ, ಕರ್ಣ. ಅವರನ್ನು ಎದುರಿಸಲು ದಿವ್ಯಾಸ್ತ್ರ ಬೇಕೆಂದು ಅರ್ಜುನ ಇಂದ್ರಕೀಲದಲ್ಲಿ ತಪಸ್ಸಿಗೆ ಕೂರುತ್ತಾನೆ. ಮೂಕಾಸುರ ಹಂದಿಯಾಗಿ ನುಗ್ಗುತ್ತಾನೆ. ಅದೇ ಗಳಿಗೆಗೆ ಶಿವ ಬೇಡನ ವೇಷದಲ್ಲಿ ಬರುತ್ತಾನೆ. ಎರಡು ಬಾಣ ಒಟ್ಟಿಗೆ ನಾಟುತ್ತವೆ, ಹಂದಿ ಬೀಳುತ್ತದೆ, ಬೇಟೆ ಯಾರದೆಂಬ ಜಗಳ ಹತ್ತಿಕೊಳ್ಳುತ್ತದೆ. ಮಾತು ಬಾಣಕ್ಕೆ ತಿರುಗಿ, ಬಾಣ ಬರಿದಾಗಿ, ಬಿಲ್ಲು ಹೋಗಿ, ಕತ್ತಿ ಮುರಿದು, ಕೊನೆಗೆ ಬರಿಗೈಯ ಮಲ್ಲಯುದ್ಧ. ಅದರ ಬಹುಮಾನವೇ ಪಾಶುಪತ, ಲೋಕವನ್ನೇ ಸುಡಬಲ್ಲ ಅಸ್ತ್ರ.

ಇದನ್ನು ಕೇಳಲು ಶಿವಮೊಗ್ಗೆಯವರಿಗೆ ಇರುವ ಭಾಗ್ಯ ಬೇರೆ ಊರಿನವರಿಗೆ ಸುಲಭಕ್ಕೆ ಸಿಗುವುದಿಲ್ಲ. ನಗರದಿಂದ ಸ್ವಲ್ಪ ದೂರ ಹೋದರೆ ತುಂಗೆಯ ಈಚೆ ದಡದಲ್ಲೊಂದು, ಆಚೆ ದಡದಲ್ಲೊಂದು ಊರು. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ವರ್ಷ ಮುಗಿಯುವುದರೊಳಗೆ, ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಅವರ ವಾಚನ, ಮಾರ್ಕಂಡೇಯ ಅವಧಾನಿಗಳ ವ್ಯಾಖ್ಯಾನ ಎಂದರೆ ಈ ಸೀಮೆಯ ರಸಿಕರಿಗೆ ಅದೊಂದು ಜೋಡಿ ಹೆಸರು. ಗಮಕದಲ್ಲಿ ಹಾಡುವವರು ಯಾರು, ಹೇಳುವವರು ಯಾರು ಎನ್ನುವುದು ಅಷ್ಟು ಮುಖ್ಯ. ವಾಚಕ ಪದ್ಯವನ್ನು ಎತ್ತಿ ನಿಲ್ಲಿಸಬೇಕು, ವ್ಯಾಖ್ಯಾನಕಾರ ಅದರೊಳಗೆ ನಮ್ಮನ್ನು ಕರೆದುಕೊಂಡು ಹೋಗಬೇಕು. ಒಬ್ಬರು ಅವಸರಪಟ್ಟರೆ ಇನ್ನೊಬ್ಬರ ಶ್ರಮ ಮಣ್ಣುಪಾಲು.

ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು ಮಾತ್ರೆಗಳ ಗಣಗಳದ್ದು. ಆರು ಸಾಲುಗಳಲ್ಲಿ ಮೂರನೆಯದೂ ಆರನೆಯದೂ ಉದ್ದ, ಅವುಗಳ ತುದಿಗೊಂದು ಗುರು. ಈ ಏಳು ಮಾತ್ರೆಯ ಕುಣಿತ ನಾಲಿಗೆಗೆ ಒಮ್ಮೆ ಹತ್ತಿತೆಂದರೆ ಬಿಡಿಸಿಕೊಳ್ಳುವುದು ಕಷ್ಟ, ಆದರೆ ಗಮಕಿ ಮೊದಲು ಬಿಡಿಸಿಕೊಳ್ಳಬೇಕಾದ್ದು ಅದನ್ನೇ. ಕುಮಾರವ್ಯಾಸ ಸಾಲಿನ ಕೊನೆಗೆ ಮಾತು ಮುಗಿಸುವ ಕವಿಯಲ್ಲ. ಅವನ ವಾಕ್ಯ ಒಂದು ಸಾಲಿನ ನಡುವೆ ಹುಟ್ಟಿ ಮುಂದಿನ ಸಾಲಿನ ನಡುವೆ ನಿಲ್ಲುತ್ತದೆ. ಅರ್ಥ ಎಲ್ಲಿ ಉಸಿರೆಳೆಯುತ್ತದೋ ಅಲ್ಲಿ ಗಮಕಿಯೂ ಉಸಿರೆಳೆಯಬೇಕು. ಗಮಕದಲ್ಲಿ ತಾಳವಿಲ್ಲದಿರುವುದು ಇದಕ್ಕೇ. ಮಲ್ಲಯುದ್ಧದ ಪದ್ಯಗಳಲ್ಲಿ ಈ ಸ್ವಾತಂತ್ರ್ಯಕ್ಕೆ ಬಂಗಾರದ ಬೆಲೆ. ಒಬ್ಬ ಹಿಡಿಯುತ್ತಾನೆ, ಇನ್ನೊಬ್ಬ ಜಾರಿಸಿಕೊಳ್ಳುತ್ತಾನೆ, ಇಬ್ಬರೂ ತೆಕ್ಕೆಬಿದ್ದು ನಿಲ್ಲುತ್ತಾರೆ. ಕ್ರಿಯಾಪದಗಳು ಒಂದರ ಹಿಂದೊಂದು ಬರುತ್ತವೆ. ತೆಕ್ಕೆಬಿದ್ದಲ್ಲಿ ಸ್ವರ ನಿಲ್ಲಬೇಕು, ಜಾರಿದಲ್ಲಿ ಜಾರಬೇಕು. ಇದನ್ನು ಒಂದೇ ಓಟದಲ್ಲಿ ಓಡಿಸಿದರೆ ಪಟ್ಟು ಯಾವುದು, ಮರುಪಟ್ಟು ಯಾವುದು ತಿಳಿಯದೆ ಬರೀ ಗದ್ದಲ ಉಳಿಯುತ್ತದೆ.

ಇದನ್ನು ಕಿವಿಯಿಂದ ಮಾತ್ರ ತಿಳಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಕೊಟ್ಟದ್ದು ಭದ್ರಾವತಿ ಆಕಾಶವಾಣಿ. 1965ರಲ್ಲಿ ಶುರುವಾದ ಈ ನಿಲಯ, 675 ಕಿಲೋಹರ್ಟ್ಸ್‌ನಲ್ಲಿ ಮಲೆನಾಡಿನ ಮೂಲೆಮೂಲೆಗೂ ಕಾವ್ಯವಾಚನವನ್ನು ಮುಟ್ಟಿಸಿದೆ. ಕಬ್ಬಿಣದ ಕಾರ್ಖಾನೆಯ ಪಾಳಿ ಮುಗಿಸಿ ಬಂದವರೂ, ಅಡಕೆ ಸುಲಿಯುತ್ತ ಕೂತವರೂ ಒಂದೇ ದನಿಯನ್ನು ಕೇಳಿದ್ದಾರೆ. ರೇಡಿಯೊದಲ್ಲಿ ಗಮಕಿಯ ಕೈ ಕಾಣುವುದಿಲ್ಲ, ಮುಖ ಕಾಣುವುದಿಲ್ಲ. ಬೇಡ ಯಾರು, ಪಾರ್ಥ ಯಾರು ಎಂಬುದನ್ನು ಕಂಠವೇ ಬೇರೆ ಮಾಡಿ ತೋರಿಸಬೇಕು.

ರಾಗದ ಮಾತಿಗೆ ಬಂದರೆ ನನಗೆ ಖಚಿತವಾದ ಅಭಿಪ್ರಾಯವಿದೆ. ಹಂದಿಯ ಬೇಟೆಗೆ ಮೋಹನ ಒಪ್ಪುತ್ತದೆ, ಕಾಡಿಗೆ ಬೇಕಾದ ಬಯಲು ಅದರಲ್ಲಿದೆ. ಬೇಡನೂ ಅರ್ಜುನನೂ ಮಾತಿಗೆ ಮಾತು ಕೊಡುವಲ್ಲಿ ಕೇದಾರಗೌಳ. ಅಠಾಣವನ್ನು ಮಾತ್ರ ಬಚ್ಚಿಟ್ಟುಕೊಳ್ಳಬೇಕು. ಎಷ್ಟೋ ಗಮಕಿಗಳು ವೀರರಸವೆಂದ ಕೂಡಲೇ ಮೊದಲ ಬಾಣಕ್ಕೇ ಅಠಾಣವನ್ನು ಖರ್ಚುಮಾಡಿ, ಮೈಗೆ ಮೈ ತಾಗುವ ಹೊತ್ತಿಗೆ ಬರಿಗೈಯಾಗುತ್ತಾರೆ. ಅರ್ಜುನನ ಬತ್ತಳಿಕೆ ಬರಿದಾಗಬೇಕು, ಗಮಕಿಯದ್ದಲ್ಲ. ಬಾಣದ ಯುದ್ಧ ದೂರದ್ದು, ಅಲ್ಲಿ ರಾಗವೂ ಸ್ವಲ್ಪ ದೂರದಲ್ಲಿ ಇರಲಿ. ಬಿಲ್ಲು ಹೋದ ಮೇಲೆ ಅಠಾಣ ಬಂದರೆ ಕೂತವರು ನೆಟ್ಟಗಾಗುತ್ತಾರೆ. ಅಲ್ಲಿಂದ ಸೋಲಿಗೆ ಇಳಿಯುವಾಗ ಮುಖಾರಿ ಸಾಕು, ಅಳು ಬೇಡ.

ಇನ್ನೊಂದು ಸೂಕ್ಷ್ಮವಿದೆ. ಬೇಡ ಯಾರೆಂದು ಕೇಳುಗರಿಗೆ ಗೊತ್ತು, ಕವಿಗೆ ಗೊತ್ತು, ಅರ್ಜುನನೊಬ್ಬನಿಗೆ ಗೊತ್ತಿಲ್ಲ. ಕವಿ ಶಿವನನ್ನು ಶಿವನ ಹೆಸರಿನಿಂದಲೇ ಕರೆಯುತ್ತಾನೆ, ಮರುಕ್ಷಣ ಅರ್ಜುನ ಅವನನ್ನು ಕಾಡಿನವನೆಂದು ಜರೆಯುತ್ತಾನೆ. ಎರಡು ಲೋಕಗಳೂ ಒಂದೇ ಪದ್ಯದೊಳಗೆ ಇವೆ. ವ್ಯಾಖ್ಯಾನಕಾರರು ಇಲ್ಲಿ ಭಕ್ತಿಯ ಭರದಲ್ಲಿ ಪದ್ಯಪದ್ಯಕ್ಕೂ ಪರಶಿವನ ಮಹಿಮೆ ಹೇಳತೊಡಗಿದರೆ ಅರ್ಜುನ ಮೂರ್ಖನಾಗಿ ಕಾಣುತ್ತಾನೆ. ಅವನು ಮೂರ್ಖನಲ್ಲ. ಅವನ ಕಣ್ಣಿಗೆ ಎದುರಿಗಿರುವವನು ತನ್ನ ಬೇಟೆಗೆ ಕೈಹಾಕಿದ ಒಬ್ಬ ಗಟ್ಟಿಗ, ಅಷ್ಟೆ. ಅವನ ಸಿಟ್ಟಿಗೆ ನ್ಯಾಯವಿದೆ ಎಂದು ನಮಗೆ ಅನ್ನಿಸಿದರೆ ಮಾತ್ರ ಮುಂದಿನ ಕುಸ್ತಿಗೆ ಜೀವ ಬರುತ್ತದೆ.

ಈ ಕುಸ್ತಿಯ ಮುಕ್ತಾಯವನ್ನು ಹಳಬರು ಬೇರೆಬೇರೆಯಾಗಿ ಕಂಡಿದ್ದಾರೆ. ವ್ಯಾಸಭಾರತದಲ್ಲಿ ಶಿವನ ತೋಳಿನ ಬಿಗಿಗೆ ಅರ್ಜುನ ಉಸಿರು ಕಟ್ಟಿ, ಮೈ ಮುದ್ದೆಯಾಗಿ, ಪ್ರಜ್ಞೆ ತಪ್ಪಿ ಬೀಳುತ್ತಾನೆ. ಎಚ್ಚರವಾದ ಮೇಲೆ ಮಣ್ಣಿನಲ್ಲಿ ಶಿವನನ್ನು ಮಾಡಿ ಹೂಮಾಲೆ ಏರಿಸುತ್ತಾನೆ, ತಲೆಯೆತ್ತಿ ನೋಡಿದರೆ ಆ ಮಾಲೆ ಬೇಡನ ಮುಡಿಯಲ್ಲಿದೆ. ಭಾರವಿಯ ‘ಕಿರಾತಾರ್ಜುನೀಯ’ದಲ್ಲಿ ಹೀಗಲ್ಲ. ಹದಿನೆಂಟನೆಯ, ಕೊನೆಯ ಸರ್ಗದಲ್ಲಿ ಬೇಡ ಮೇಲಕ್ಕೆ ನೆಗೆದಾಗ ಅರ್ಜುನ ಅವನ ಎರಡೂ ಕಾಲುಗಳನ್ನು ಹಿಡಿಯುತ್ತಾನೆ. ಎದುರಾಳಿಯನ್ನು ಕೆಡವಲು ಹಾಕಿದ ಪಟ್ಟು ಪಾದ ಹಿಡಿದಂತೆಯೂ ಆಯಿತು, ಶಿವ ಅಲ್ಲಿಗೇ ಒಲಿದು ಅಪ್ಪಿಕೊಂಡ. ನನಗೆ ಭಾರವಿಯದು ಹೆಚ್ಚು ಇಷ್ಟ. ಕುಸ್ತಿಯನ್ನು ನಿಲ್ಲಿಸಿ ಪೂಜೆಗೆ ಕೂರುವ ಅಗತ್ಯವೇ ಅವನಿಗೆ ಬರಲಿಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಕಾಳಿದಾಸನ ಜೊತೆಗೇ ಭಾರವಿಯ ಹೆಸರನ್ನು ಹೇಳುತ್ತಾನೆ, ಅಂದರೆ ಆ ಹೊತ್ತಿಗಾಗಲೇ ಈ ಕವಿ ಕನ್ನಡನಾಡಿನಲ್ಲಿ ಮಾನ್ಯನಾಗಿದ್ದ. ನೂರು ವರ್ಷ ಕಳೆದ ಮೇಲೆ ಪಟ್ಟದಕಲ್ಲಿನ ಶಿಲ್ಪಿಗಳು ಪಾಪನಾಥ ದೇವಾಲಯದ ಗೋಡೆಗೆ ಇದೇ ಕಾಳಗವನ್ನು ಏರಿಸಿದರು.

ಸೋತವನಿಗೆ ಬಹುಮಾನ ಯಾಕೆ ಸಿಕ್ಕಿತು ಎಂದು ಚಿಕ್ಕವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಜಾತ್ರೆಯ ಅಖಾಡದಲ್ಲಿ ಬೆಳ್ಳಿ ಗದೆ ಕೊಡುವವರು ವೇದಿಕೆಯ ಮೇಲೆ ಕುಳಿತಿರುತ್ತಾರೆ, ಮೈಗೆ ಮಣ್ಣು ತಾಗುವುದಿಲ್ಲ. ಇಂದ್ರಕೀಲದಲ್ಲಿ ಕೊಡುವವನೇ ಎದುರಾಳಿ, ಅವನೇ ತೀರ್ಪುಗಾರ. ತಾನು ಕೊಡಲಿರುವುದನ್ನು ಇವನು ತಾಳಿಕೊಳ್ಳುತ್ತಾನೆಯೇ ಎಂದು ತನ್ನ ಮೈಯಿಂದಲೇ ಪರೀಕ್ಷೆ ಮಾಡಿ ನೋಡಿದವನು. ವ್ಯಾಸರ ಶಿವ ಕೊನೆಯಲ್ಲಿ ಅರ್ಜುನನಿಗೆ, ತೇಜಸ್ಸಿನಲ್ಲೂ ಪರಾಕ್ರಮದಲ್ಲೂ ನೀನು ಇಂದು ನನಗೆ ಸಮನಾದೆ ಎಂಬರ್ಥದ ಮಾತು ಹೇಳುತ್ತಾನೆ. ಜೋಡಿ ಸರಿಹೋದದ್ದು ಆಗ. ಮಿಕ್ಕ ಕುಸ್ತಿಗಳಲ್ಲಿ ಜೋಡಿ ಕಟ್ಟಿದ ಮೇಲೆ ಕಾಳಗ ಶುರುವಾಗುತ್ತದೆ. ಇಲ್ಲಿ ಕಾಳಗ ಮುಗಿದ ಮೇಲೆ ಜೋಡಿಯಾಯಿತು. ನಡುವೆ ಬಿದ್ದ ಪೆಟ್ಟುಗಳೆಲ್ಲ ಅರ್ಜುನನನ್ನು ಆ ಮಟ್ಟಕ್ಕೆ ಎತ್ತಿದವು.

ಅದಕ್ಕೇ ಇತ್ತೀಚಿನ ಕಾರ್ಯಕ್ರಮಗಳ ಬಗ್ಗೆ ನನಗೆ ನೋವಿದೆ. ಒಂದು ಗಂಟೆಯ ಅವಧಿ, ಅದರಲ್ಲಿ ಸ್ವಾಗತ, ಸನ್ಮಾನ, ವಂದನೆ. ಉಳಿದ ಹೊತ್ತಿಗೆ ಪ್ರಸಂಗ ಹೊಂದಿಸಬೇಕೆಂದು ಮೊದಲು ಕತ್ತರಿ ಬೀಳುವುದು ಮಲ್ಲಯುದ್ಧಕ್ಕೆ. ಹಂದಿ ಸತ್ತಿತು, ಮಾತು ಬೆಳೆಯಿತು, ಘೋರ ಯುದ್ಧವಾಯಿತು ಎಂದು ವ್ಯಾಖ್ಯಾನಕಾರರು ಒಂದೇ ಮಾತಿನಲ್ಲಿ ದಾಟಿಸಿ, ಗಮಕಿ ನೇರವಾಗಿ ವರಪ್ರದಾನಕ್ಕೆ ಬರುತ್ತಾರೆ. ಹೊಡೆತವಿಲ್ಲದೆ ಸಿಕ್ಕ ಪಾಶುಪತವನ್ನು ಕೇಳಿ ಕೇಳಿ, ಅದು ಬೇಡಿದ ಕೂಡಲೇ ಸಿಗುವ ವರವೆಂದು ಹೊಸ ಕೇಳುಗರು ತಿಳಿದಿದ್ದಾರೆ. ಕತ್ತರಿಸಲೇಬೇಕಾದರೆ ತಪಸ್ಸಿನ ವರ್ಣನೆಯನ್ನು ಕಡಿಮೆ ಮಾಡಲಿ. ಕುಸ್ತಿಯ ಪದ್ಯಗಳನ್ನು ಮುಟ್ಟಬಾರದು.

ಬಹುಮಾನ ಪಡೆದವನು ಅದನ್ನು ಏನು ಮಾಡಿದ ಎಂಬುದನ್ನೂ ಯಾರಾದರೂ ಹಾಡಬೇಕು. ಮನಸ್ಸಿನಿಂದ, ನೋಟದಿಂದ, ಮಾತಿನಿಂದ, ಬಿಲ್ಲಿನಿಂದ, ನಾಲ್ಕು ಬಗೆಯಲ್ಲೂ ಬಿಡಬಹುದಾದ ಅಸ್ತ್ರ ಅದು. ಅಲ್ಪನ ಮೇಲೆ ಅವಸರದಲ್ಲಿ ಬಿಟ್ಟರೆ ಜಗತ್ತೇ ಉರಿದೀತು ಎಂದು ಶಿವ ಎಚ್ಚರಿಸಿಯೇ ಕೊಡುತ್ತಾನೆ. ಬಳಿಕ ವರುಣ, ಯಮ, ಕುಬೇರರು ಬಂದು ತಮ್ಮ ತಮ್ಮ ಅಸ್ತ್ರ ಕೊಡುತ್ತಾರೆ, ಮಾತಲಿಯ ರಥದಲ್ಲಿ ಅರ್ಜುನ ಇಂದ್ರಲೋಕಕ್ಕೆ ಹೋಗಿ ಐದು ವರ್ಷ ಅಲ್ಲಿರುತ್ತಾನೆ, ನಿವಾತಕವಚರನ್ನು ಗೆಲ್ಲುತ್ತಾನೆ. ಹಿಂದಿರುಗಿದಾಗ ಅಣ್ಣ ಧರ್ಮರಾಯನಿಗೆ ಒಮ್ಮೆ ಆ ಅಸ್ತ್ರಗಳನ್ನು ನೋಡುವ ಆಸೆ. ಅರ್ಜುನ ತೋರಿಸಲು ಅಣಿಯಾದದ್ದೇ ತಡ, ಭೂಮಿ ನಡುಗುತ್ತದೆ, ನದಿ ಸಮುದ್ರಗಳು ಕಲಕುತ್ತವೆ, ಗಾಳಿ ನಿಲ್ಲುತ್ತದೆ. ನಾರದ ಬಂದು ತಡೆಯುತ್ತಾನೆ. ಪ್ರದರ್ಶನಕ್ಕೆಂದು ತೆಗೆಯುವ ವಸ್ತುವಲ್ಲ ಅದು ಎಂದು ಹೇಳಿ ಒಳಗಿಡಿಸುತ್ತಾನೆ. ಕಿರಾತಾರ್ಜುನರ ಕಾಳಗದ ಜೊತೆಗೆ ಈ ಪುಟ್ಟ ಪ್ರಸಂಗವನ್ನೂ ಸೇರಿಸಿದ ವಾಚನ ನನಗೆ ಕೇಳಲು ಸಿಕ್ಕಿಲ್ಲ. ಸಿಕ್ಕರೆ ಎಷ್ಟು ದೂರವಾದರೂ ಹೋದೇನು.

ಸಂಘಟಕರಲ್ಲಿ ನನ್ನದೊಂದು ಕೇಳಿಕೆ. ಈ ಪ್ರಸಂಗವನ್ನು ಎರಡು ಸಂಜೆಗೆ ಹರಡಿ. ಮೊದಲ ಸಂಜೆ ಶಿವಮೊಗ್ಗದಲ್ಲಿ, 1930ರಲ್ಲಿ ಹುಟ್ಟಿದ ನಮ್ಮ ಕರ್ನಾಟಕ ಸಂಘದ ಸಭಾಂಗಣದಲ್ಲಿ ಆಗಲಿ. ಇಂದ್ರಕೀಲದಿಂದ ಹೊರಟು, ಬೇಡ ಗಾಂಡೀವವನ್ನು ನುಂಗಿ ಅರ್ಜುನ ತನ್ನ ಖಾಲಿ ಕೈ ನೋಡಿಕೊಳ್ಳುವಲ್ಲಿಗೆ ಮಂಗಳ ಹಾಡದೆ ನಿಲ್ಲಿಸಿ. ಎರಡನೆಯ ಸಂಜೆ ಭದ್ರಾವತಿಯ ಹಳೇನಗರದಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ಆವರಣದಲ್ಲಿ, ಮಲ್ಲಯುದ್ಧದ ಮೊದಲ ಪದ್ಯದಿಂದಲೇ ಎತ್ತಿಕೊಳ್ಳಿ. ಎರಡೂ ಊರಿನ ನಡುವೆ ಸುಮಾರು 20 ಕಿ.ಮೀ. ದಾರಿ, ಬಸ್ಸೂ ಇದೆ, ರೈಲೂ ಇದೆ. ಬಿಲ್ಲು ಹೋದ ಮೇಲೆ ಏನಾಯಿತೆಂದು ಕೇಳಲು ಜನ ಬಂದೇ ಬರುತ್ತಾರೆ.