‘ಕರಗುವುದಿಲ್ಲ’ ಎಂದರೆ ಎಷ್ಟು?

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವನ್ನು ತೆರೆದು ನೋಡಿ. ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಸೇರಿಸುವ ಚಟುವಟಿಕೆ ಅಲ್ಲಿದೆ. ಬೇರಿಯಂ ಸಲ್ಫೇಟಿನ ಬಿಳಿ ಪ್ರಕ್ಷೇಪ ಉಂಟಾಗುತ್ತದೆ. ನೀರಿನಲ್ಲಿ ಕರಗದ ವಸ್ತುವೇ ಪ್ರಕ್ಷೇಪ ಎಂಬ ವಿವರಣೆ ಬರುತ್ತದೆ. ಅಯಾನುಗಳ ವಿನಿಮಯವನ್ನು ಕಣ್ಣಿಗೆ ಕಾಣುವಂತೆ ತೋರಿಸಲು ಇದು ಒಳ್ಳೆಯ ಚಟುವಟಿಕೆಯೇ. ಆದರೆ ಪ್ರಕ್ಷೇಪ ತಳಕ್ಕಿಳಿದ ಮೇಲೆ ತಿಳಿನೀರಿನಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಲೀಟರ್ ಶುದ್ಧ ನೀರಿನಲ್ಲಿ ಸುಮಾರು 2.4 ಮಿಲಿಗ್ರಾಂ ಬೇರಿಯಂ ಸಲ್ಫೇಟ್ ಕರಗಿರುತ್ತದೆ. ಹಳದಿ ಪ್ರಕ್ಷೇಪಕ್ಕೆ ಹೆಸರಾದ ಲೆಡ್ ಅಯೊಡೈಡ್ ಸುಮಾರು 700 ಮಿಲಿಗ್ರಾಂನಷ್ಟು ಕರಗುತ್ತದೆ. ಸುಮಾರು ಮುನ್ನೂರು ಪಟ್ಟು ವ್ಯತ್ಯಾಸವಿದ್ದರೂ ನಾವು ಬಾಯಿಪಾಠ ಮಾಡಿಸುವ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಪದ: ‘ಕರಗುವುದಿಲ್ಲ’.

ಇದು ಪದದ ಚರ್ಚೆ ಮಾತ್ರವೆನಿಸಿದರೆ ದಾವಣಗೆರೆ ಜಿಲ್ಲೆಯ ನೀರನ್ನು ಗಮನಿಸಿ. ದಾವಣಗೆರೆ ಮತ್ತು ಹರಿಹರ ನಗರಗಳಿಗೆ ತುಂಗಭದ್ರೆಯ ನೀರಿದೆ. ಅದೇ ಜಿಲ್ಲೆಯ ಜಗಳೂರು ಭಾಗದಲ್ಲಿ ಕೊಳವೆಬಾವಿಗಳ ಫ್ಲೋರೈಡ್ ಹಳೆಯ ಸಮಸ್ಯೆ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳು ಕೆಡುತ್ತವೆ. ಪಟ್ಟಿಯ ಪ್ರಕಾರ ಕ್ಯಾಲ್ಸಿಯಂ ಫ್ಲೋರೈಡ್ ‘ಕರಗುವುದಿಲ್ಲ’. ಹಾಗಾದರೆ ಸುಣ್ಣ ಹಾಕಿ ಫ್ಲೋರೈಡನ್ನೆಲ್ಲ ತಳಕ್ಕಿಳಿಸಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿದರೆ?

ಲೆಕ್ಕ ಮಾಡಿ. ಕ್ಯಾಲ್ಸಿಯಂ ಫ್ಲೋರೈಡಿನ ವಿಲೀನತಾ ಗುಣಲಬ್ಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3.5 × 10⁻¹¹. ಶುದ್ಧ ನೀರಿನಲ್ಲಿ ಅದು ಪರ್ಯಾಪ್ತವಾದಾಗ ಲೀಟರಿಗೆ ಸುಮಾರು 8 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಸಾಕು. ಬೇರೆ ಮೂಲವೇ ಇಲ್ಲದಿದ್ದರೆ 1.5 ಗರಿಷ್ಠ ಮಿತಿ. ಆ ಮಿತಿಗೆ ಇಳಿಸಲು ನೀರಿನಲ್ಲಿ ಲೀಟರಿಗೆ 220 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂಗೆ ಇರುವ ಗರಿಷ್ಠ ಮಿತಿಯೇ 200! ಆದ್ದರಿಂದಲೇ ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಪಟಿಕವನ್ನೂ ಬಳಸುತ್ತಾರೆ. ಆಗ ಉಂಟಾಗುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಮೆತ್ತನೆಯ ಪ್ರಕ್ಷೇಪಕ್ಕೆ ಫ್ಲೋರೈಡ್ ಅಂಟಿಕೊಂಡು ತಳ ಸೇರುತ್ತದೆ.

ವಿಲೀನತಾ ಗುಣಲಬ್ಧ ಪಿಯುಸಿಯ ಪಾಠವೆಂಬುದು ನಿಜ. ಆದರೆ ಪ್ರೌಢಶಾಲೆಯಲ್ಲಿ ‘ಕರಗುವುದಿಲ್ಲ’ ಎಂದು ಕಲಿತವರಿಗೆ ಅಲ್ಲಿ ಅದು ಅಂಕಗಳಿಗಾಗಿ ಮಾಡುವ ಲೆಕ್ಕವಾಗಿ ಉಳಿಯುತ್ತದೆ. ಸೂತ್ರ ಬೇಡ, ಅಳತೆಯನ್ನಾದರೂ ಮೊದಲೇ ಕೊಡಬಹುದು. ಶಿಕ್ಷಕರೇ, ಪಟ್ಟಿಯಲ್ಲಿ ‘ಅತ್ಯಲ್ಪ ಕರಗುವ’ ಎಂದು ತಿದ್ದಿ, ಪಕ್ಕದಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆಸಿ. ಹರಿಹರದ ಹೊಳೆನೀರನ್ನು ಸೋಸಿ ಒಂದು ಲೀಟರ್, ದಾವಣಗೆರೆಯ ಯಾವುದಾದರೂ ಕೊಳವೆಬಾವಿಯ ನೀರು ಒಂದು ಲೀಟರ್ ತೆಗೆದುಕೊಂಡು ಬೇರೆ ಬೇರೆಯಾಗಿ ಕುದಿಸಿ. ಬರುವ ಬಿಳಿ ಪ್ರಕ್ಷೇಪವನ್ನು ಸೋಸಿ, ಒಣಗಿಸಿ, ತೂಗಿಸಿ. ಕುದಿಸುವ ಮುನ್ನ ಎರಡೂ ನೀರು ತಿಳಿಯಾಗಿಯೇ ಇದ್ದವು. ಈ ಕಾರ್ಬೊನೇಟ್ ಆಗ ಯಾವ ರೂಪದಲ್ಲಿತ್ತು ಎಂದು ಮಕ್ಕಳನ್ನು ಕೇಳಿ. ಬೈಕಾರ್ಬೊನೇಟ್ ಎಂಬ ಉತ್ತರ ಅವರಿಂದಲೇ ಬಂದರೆ, ತಿಳಿನೀರೆಲ್ಲ ಶುದ್ಧ ನೀರಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.