ಕೊಕ್ಕೆಗೆ ಸಿಕ್ಕ ಗಾಳಿ

ಅಲೆಕ್ಸಾಂಡರ್ ಕಾಲ್ಡರ್ ಅಂದಕೂಡಲೇ ನೆನಪಾಗುವುದು ಗಾಳಿಗೆ ತೂಗಾಡುವ ತಗಡಿನ ಎಲೆಗಳು. ಅವರ ಚಲಿಸುವ ಶಿಲ್ಪಗಳಿಗೆ 1931ರಲ್ಲಿ ‘ಮೊಬೈಲ್’ ಎಂದು ಹೆಸರಿಟ್ಟವರು ಕಲಾವಿದ ಮಾರ್ಸೆಲ್ ದುಶಾಂ. ನನಗೆ ಅಷ್ಟೇ ಇಷ್ಟವಾದವು ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಕ್ಸ್‌ಬರಿಯಲ್ಲಿದ್ದ ಕಾಲ್ಡರ್ ಮನೆಯ ನೆಲಹಾಸುಗಳು. ಚಿತ್ರ ಗಂಡನದು, ಕೈ ಹೆಂಡತಿ ಲೂಯಿಸಾ ಅವರದು.

ಕೊಕ್ಕೆಯಿಂದ ನೆಲಹಾಸು ಮಾಡುವ ಈ ಕಸುಬಿಗೆ ಮಗ್ಗ ಬೇಡ. ಗೋಣಿಯಂಥ ಒರಟು ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಮೇಲಿನಿಂದ ಕೊಕ್ಕೆ ಚುಚ್ಚಿ, ಅಡಿಯ ಉಣ್ಣೆನೂಲನ್ನು ಕುಣಿಕೆ ಕುಣಿಕೆಯಾಗಿ ಎಳೆದುಕೊಳ್ಳಬೇಕು. ಗಂಟು ಹಾಕುವುದಿಲ್ಲ, ಕುಣಿಕೆಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ. ತಗಡಿನಲ್ಲಿ ಚೂಪಾಗಿರುವ ಅಂಚು ಉಣ್ಣೆಗೆ ಬಂದಾಗ ಕೊಂಚ ಅಲುಗುತ್ತದೆ, ಉಸಿರಾಡಿದ ಹಾಗೆ. ಆ ಅಲುಗಾಟವೇ ನನ್ನನ್ನು ಸೆಳೆಯುವುದು. ಮೊಬೈಲನ್ನು ಕತ್ತೆತ್ತಿ ನೋಡಬೇಕು. ಇಲ್ಲಿ ಕಾಲ್ಡರ್ ಅವರ ಕಲೆ ಬರಿಗಾಲಿಗೆ ಮೆತ್ತಗೆ ತಾಗುತ್ತದೆ.