ಡೋರಾ ಕಲಿಸದ ಸ್ಪ್ಯಾನಿಷ್

ಮನೆಯಲ್ಲಿ ಯಾರಿಗೂ ಸ್ಪ್ಯಾನಿಷ್ ಬಾರದಿದ್ದರೂ ಮಗುವಿನ ಕಿವಿಗೆ ಅದು ಬೀಳುತ್ತಿರಲಿ ಎಂದು ಬಯಸುವ ತಂದೆತಾಯಿಗಳು ಅಮೆರಿಕದಲ್ಲಿ ಬಹಳ. ಆ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನರ ಮನೆಮಾತು ಸ್ಪ್ಯಾನಿಷ್ ಆಗಿರುವಾಗ ಈ ಬಯಕೆ ಸಹಜವೇ. ನನ್ನ ತಕರಾರಿರುವುದು ಅದನ್ನು ಈಡೇರಿಸಿಕೊಳ್ಳುವ ರೀತಿಯ ಬಗ್ಗೆ: ಟಿವಿ ಹಚ್ಚುವುದು, ಆ್ಯಪ್ ಇಳಿಸಿಕೊಳ್ಳುವುದು, ಬಣ್ಣ ಮತ್ತು ಅಂಕಿಗಳ ಹೆಸರು ಬಾಯಿಪಾಠ ಮಾಡಿಸುವುದು.

ಈ ರೂಢಿಗೆ ಬಲ ತಂದದ್ದು 2000ದ ಆಗಸ್ಟ್‌ನಲ್ಲಿ ನಿಕಲೋಡಿಯನ್ ವಾಹಿನಿಯಲ್ಲಿ ಶುರುವಾದ ‘ಡೋರಾ ದಿ ಎಕ್ಸ್‌ಪ್ಲೋರರ್’ ಎಂಬ ಮಕ್ಕಳ ಕಾರ್ಟೂನ್. ಅದರ ಹಿರಿಮೆಯನ್ನು ಮೊದಲು ಹೇಳಬೇಕು. ಲ್ಯಾಟಿನೋ ಕುಟುಂಬದ ಪುಟ್ಟ ಹುಡುಗಿಯೊಬ್ಬಳು ಅಮೆರಿಕದ ಎಲ್ಲ ಮಕ್ಕಳ ನಾಯಕಿಯಾದಳು. ಟೀಕೊ ಎಂಬ ಅಳಿಲಿಗೆ ಸ್ಪ್ಯಾನಿಷ್ ಮಾತ್ರ ಬರುವುದರಿಂದ, ಅದರ ಸಹಾಯ ಬೇಕಾದರೆ ಆ ಭಾಷೆಯಲ್ಲೇ ಕೇಳಬೇಕು. ಮಾತಿಗೊಂದು ಕೆಲಸ ಕೊಟ್ಟ ಈ ಜಾಣತನ ಎಷ್ಟೋ ಪಠ್ಯಪುಸ್ತಕಗಳಲ್ಲಿಲ್ಲ.

ಆದರೆ ಡೋರಾ ಪ್ರಶ್ನೆ ಕೇಳಿ, ಕಣ್ಣರಳಿಸಿ ಉತ್ತರಕ್ಕೆ ಕಾಯುವ ಆ ಕೆಲವು ಕ್ಷಣಗಳನ್ನು ಗಮನಿಸಿ. ಮಗು ಸರಿಯಾಗಿ ಹೇಳಲಿ, ತಪ್ಪು ಹೇಳಲಿ, ಬಾಯಿ ಬಿಡದೆ ಕೂತಿರಲಿ, ಸಿಗುವ ಶಹಬ್ಬಾಸ್ ಒಂದೇ. ಡೋರಾ ಕಾಯುತ್ತಾಳೆ, ಕೇಳಿಸಿಕೊಳ್ಳುವುದಿಲ್ಲ. ಕತೆಯೆಲ್ಲ ಇಂಗ್ಲಿಷಿನಲ್ಲಿ ನಡೆದು ನಡುನಡುವೆ ಸ್ಪ್ಯಾನಿಷ್ ಪದಗಳು ಬಂದು ಹೋಗುತ್ತವೆ. ಸ್ಪ್ಯಾನಿಷ್‌ಗೆ ಡಬ್ ಆದ ಆವೃತ್ತಿಯಲ್ಲಿ ಇದೇ ಡೋರಾ ಇಂಗ್ಲಿಷ್ ಪದಗಳನ್ನು ಕಲಿಸುತ್ತಾಳೆ. ಎರಡೂ ಕಡೆ ಕಲಿಸುತ್ತಿರುವುದು ಭಾಷೆಯನ್ನಲ್ಲ, ಬಿಡಿ ಪದಗಳನ್ನು.

ಪರದೆ ಏಕೆ ಸಾಲದು ಎಂಬುದಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೇ ಸಾಕ್ಷಿ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನಾದ ಮ್ಯಾಂಡರಿನ್ ಆಡುವವರು ಕೂತು, ಆಟಿಕೆ ತೋರಿಸುತ್ತ, ಪುಸ್ತಕ ಓದುತ್ತ 12 ಸಲ ಮಾತಾಡಿದರು. ಆ ಭಾಷೆಯ ಧ್ವನಿಭೇದಗಳನ್ನು ಕೂಸುಗಳು ಹಿಡಿದವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ನೋಡಿದ ಕೂಸುಗಳು ಏನನ್ನೂ ಕಲಿಯಲಿಲ್ಲ. ಮುಂದೆ ಬಾರ್ಬರಾ ಕಾನ್‌ಬಾಯ್ ಮತ್ತು ಸಂಗಡಿಗರು ಸ್ಪ್ಯಾನಿಷನ್ನೇ ಇಟ್ಟುಕೊಂಡು ಹೀಗೆ ಪರೀಕ್ಷಿಸಿದಾಗ, ಮಾತಾಡುವವರ ಮುಖದಿಂದ ಆಟಿಕೆಗೆ, ಆಟಿಕೆಯಿಂದ ಮುಖಕ್ಕೆ ಹೆಚ್ಚು ಕಣ್ಣು ಹೊರಳಿಸಿದ ಕೂಸುಗಳೇ ಹೆಚ್ಚು ಕಲಿತದ್ದು ಕಂಡಿತು. ಎದುರಿಗೊಂದು ಮುಖ ಬೇಕು. ಅದು ಮಗುವಿನ ನೋಟಕ್ಕೆ ಮರುನೋಟ ಕೊಡುವಂಥದ್ದಾಗಿರಬೇಕು.

‘ಒಬ್ಬೊಬ್ಬ ಪೋಷಕರಿಗೆ ಒಂದೊಂದು ಭಾಷೆ’ ಎಂಬ ಸೂತ್ರವನ್ನೂ ಹಲವರು ನೆಚ್ಚಿಕೊಂಡಿದ್ದಾರೆ. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೊಂಜಾ 1913ರಲ್ಲಿ ತನ್ನ ಮಗನ ಬಗ್ಗೆ ಪುಸ್ತಕ ಬರೆದು ಅದನ್ನು ಪ್ರಸಿದ್ಧಗೊಳಿಸಿದ. ಆದರೆ ಆ ಮನೆಯಲ್ಲಿ ಅಪ್ಪ ಆಡಿದ್ದು ತನ್ನದೇ ಫ್ರೆಂಚ್, ಅಮ್ಮ ಆಡಿದ್ದು ತನ್ನದೇ ಜರ್ಮನ್. ಅರೆಬರೆ ಕಲಿತ ಸ್ಪ್ಯಾನಿಷಿನಲ್ಲಿ ಅಪ್ಪನೊಬ್ಬ ದಿನವಿಡೀ ಮಾತಾಡಹೊರಟರೆ ಮಗುವಿಗೆ ಅಪ್ಪನ ನಿಜವಾದ ಮಾತೇ ತಪ್ಪಿಹೋಗುತ್ತದೆ. ಸ್ನಾನದ ಹೊತ್ತಿಗೆ ಎರಡು ಹಾಡು, ಮಲಗುವ ಮುನ್ನ ಒಂದು ಚಿತ್ರಪುಸ್ತಕ, ಇಷ್ಟನ್ನು ದಿನವೂ ತಪ್ಪದೆ ಮಾಡಿದರೆ ಉಚ್ಚಾರ ತುಸು ಎಡವಿದರೂ ಅದು ಟಿವಿಗಿಂತ ಮೇಲು. ಬೈಯಲು, ಮುದ್ದಿಸಲು, ಸಮಾಧಾನ ಹೇಳಲು ಅವರವರ ಭಾಷೆಯೇ ಇರಲಿ.

ನನ್ನನ್ನು ಹೆಚ್ಚು ಕಾಡುವುದು ಸ್ಪ್ಯಾನಿಷ್ ಕಲಿಕೆಯಲ್ಲಿರುವ ಅಸಮಾನತೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 227ನೇ ಪ್ರಸ್ತಾವವನ್ನು ಒಪ್ಪಿ ಸರ್ಕಾರಿ ಶಾಲೆಗಳ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ಕೈಬಿಡಿಸಿದರು. ಆ ನಿರ್ಬಂಧ ತೆರವಾದದ್ದು 2016ರಲ್ಲಿ. ಡೋರಾ ಇಂಗ್ಲಿಷ್ ಮಕ್ಕಳಿಗೆ ಸ್ಪ್ಯಾನಿಷ್ ಎಣಿಕೆ ಹೇಳಿಕೊಡುತ್ತಿದ್ದ ಅದೇ ವರ್ಷಗಳಲ್ಲಿ, ಸ್ಪ್ಯಾನಿಷನ್ನು ಮನೆಯಿಂದಲೇ ತಂದ ಮಕ್ಕಳಿಗೆ ತರಗತಿಯಲ್ಲಿ ಅದನ್ನು ಬೆಳೆಸಿಕೊಳ್ಳುವ ದಾರಿ ಕಿರಿದಾಗಿತ್ತು. ಒಂದು ಮಗುವಿನ ಬಾಯಲ್ಲಿ ಜಾಣ್ಮೆ ಎನಿಸಿಕೊಂಡ ಭಾಷೆ ಇನ್ನೊಂದು ಮಗುವಿನ ಬಾಯಲ್ಲಿ ಕೊರತೆ ಎನಿಸಿಕೊಂಡಿತು. ಇದನ್ನು ಅನ್ಯಾಯವೆನ್ನದೆ ಬೇರೇನನ್ನಬೇಕು?

ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳ ಕನ್ನಡ ಮನೆಗಳಿಗೂ ಮಗುವಿಗೆ ಸ್ಪ್ಯಾನಿಷ್ ಕಲಿಸಬೇಕೇ ಎಂಬ ಪ್ರಶ್ನೆ ಬಂದಿದೆ. ಅಲ್ಲಿನ ಮಗುವಿಗೆ ಡೇಕೇರ್‌ನಲ್ಲಿ ಇಂಗ್ಲಿಷ್ ತಾನಾಗಿಯೇ ಸಿಗುತ್ತದೆ. ಕನ್ನಡ ಸಿಗುವುದು ಅಪ್ಪ ಅಮ್ಮನಿಂದ, ಊರಿಂದ ಬಂದು ಕೆಲವು ತಿಂಗಳಿರುವ ಅಜ್ಜಿ ತಾತಂದಿರಿಂದ. ಎಳೆಯ ಮಗು ಮೂರು ಭಾಷೆ ಕಲಿಯಬಲ್ಲುದು, ಅದರಲ್ಲಿ ಸಂಶಯವಿಲ್ಲ. ಕಡಿಮೆ ಬೀಳುವುದು ಮನೆಯವರು ಮಗುವಿನೊಡನೆ ಕೂತು ಮಾತಾಡುವ ಹೊತ್ತು. ಇರುವ ಆ ಹೊತ್ತನ್ನು ಕನ್ನಡದಿಂದ ಕಿತ್ತು ಸ್ಪ್ಯಾನಿಷ್‌ಗೆ ಕೊಡುವುದು ತಪ್ಪು ಲೆಕ್ಕ. ಕನ್ನಡ ಬಲ್ಲ ಮಗುವಿಗೆ ಸ್ಪ್ಯಾನಿಷ್ ಅಷ್ಟು ದೂರದ್ದೂ ಅಲ್ಲ. ನಮ್ಮ ತ, ದಗಳಂತೆ ಹಲ್ಲಿಗೆ ನಾಲಿಗೆ ತಾಗಿಸುವ ಧ್ವನಿಗಳು ಅಲ್ಲಿವೆ, ಅ, ಎ, ಇ, ಒ, ಉಗಳಿಗೆ ಹತ್ತಿರದ ಐದು ಸ್ವರಗಳಿವೆ, ಕ್ರಿಯೆ ಮಾಡುವವರು ಯಾರೆಂದು ಕ್ರಿಯಾಪದದ ಕೊನೆಯೇ ಹೇಳುತ್ತದೆ.

ಹಾಗಾಗಿ ಅಲ್ಲಿನ ಕನ್ನಡದ ತಂದೆತಾಯಿಗಳಲ್ಲಿ ನನ್ನ ಕೋರಿಕೆ: ಮನೆಯಲ್ಲಿ ಕನ್ನಡವನ್ನೇ ಆಡಿ. ಸ್ಪ್ಯಾನಿಷ್ ಬೇಕೆಂದರೆ ಆ್ಯಪ್‌ಗೆ ಹಣ ಕಟ್ಟುವ ಮೊದಲು ಪಕ್ಕದ ಬೀದಿಯ ಮೆಕ್ಸಿಕನ್ ಕುಟುಂಬದ ಪರಿಚಯ ಮಾಡಿಕೊಳ್ಳಿ, ಅವರ ಮಕ್ಕಳೊಂದಿಗೆ ನಿಮ್ಮ ಮಗುವನ್ನು ಆಡಲು ಬಿಡಿ.